ನಾಲಿಗೆಯ ಮೇಲೆ ಕಂದು-ಕಪ್ಪು ಪದರ: ಕಾರಣವೇನು, ಆರೈಕೆ ಹೇಗೆ?

ಸಿಂಧನೂರಿನ ಮಗಳು

ಎಲ್ಲರಿಗೂ ನಮಸ್ಕಾರ. ನನ್ನ ತಂದೆಯವರು ಅರವತ್ತು ದಾಟಿದವರು. ಕಾಲುವೆ ನೀರಿನ ಗದ್ದೆಯಲ್ಲಿ ಭತ್ತ ಬೆಳೆಯುತ್ತಾರೆ, ದಿನಕ್ಕೊಂದು ಕಟ್ಟು ಬೀಡಿ ಸೇದುತ್ತಾರೆ, ಹೋದಲ್ಲಿ ಬಂದಲ್ಲಿ ಚಹಾ ಕುಡಿಯುತ್ತಾರೆ. ಕಳೆದ ತಿಂಗಳು ಅವರಿಗೆ ಕೆಮ್ಮು ಮತ್ತು ಜ್ವರ ಬಂದು, ವೈದ್ಯರು ಡಾಕ್ಸಿಸೈಕ್ಲಿನ್ ಎಂಬ ಆಂಟಿಬಯಾಟಿಕ್ ಕೊಟ್ಟರು. ಜ್ವರವೇನೋ ಇಳಿಯಿತು. ಆದರೆ ನಾಲಿಗೆಯ ನಡುಭಾಗದಿಂದ ಹಿಂದಕ್ಕೆ ಮೊದಲು ಹಳದಿ ಪದರವೊಂದು ಕಟ್ಟಿ, ಅದು ಈಗ ಕಂದು-ಕಪ್ಪು ಬಣ್ಣಕ್ಕೆ ತಿರುಗಿದೆ. ಹತ್ತಿರದಿಂದ ನೋಡಿದರೆ ಸಣ್ಣ ಕೂದಲು ಬೆಳೆದಂತೆ ಕಾಣುತ್ತದೆ. ನೋವಿಲ್ಲ, ಹುಣ್ಣಿಲ್ಲ. ಬಾಯಿಗೆ ರುಚಿ ಇಲ್ಲವೆಂದು ರೊಟ್ಟಿಯನ್ನು ಬಿಟ್ಟು, ಗಂಜಿ ಮತ್ತು ಹಾಲು-ಬ್ರೆಡ್ಡಿನಲ್ಲೇ ದಿನ ಕಳೆಯುತ್ತಿದ್ದಾರೆ.

ಊರಿನಲ್ಲಿ ಒಬ್ಬರು ಇದು ಲಿವರ್ ಕೆಟ್ಟಿರುವ ಲಕ್ಷಣ ಎಂದರು, ಇನ್ನೊಬ್ಬರು ಕ್ಯಾನ್ಸರ್ ಇರಬಹುದು ಎಂದುಬಿಟ್ಟರು. ಆ ಮಾತು ಕೇಳಿದ ಮೇಲೆ ತಂದೆಯವರು ಊಟವನ್ನೂ ಸರಿಯಾಗಿ ಮಾಡುತ್ತಿಲ್ಲ. ತಿಳಿದವರು ದಯವಿಟ್ಟು ಹೇಳಬೇಕು: ಇದು ಏಕೆ ಆಗುತ್ತದೆ, ಮನೆಯಲ್ಲಿ ಏನು ಮಾಡಬಹುದು, ಯಾವಾಗ ವೈದ್ಯರಲ್ಲಿಗೆ ಹೋಗಲೇಬೇಕು?

ದಂತವೈದ್ಯೆ, ಬಳ್ಳಾರಿ

ಕಣ್ಣಾರೆ ನೋಡದೆ ಖಚಿತವಾಗಿ ಹೇಳುವುದು ಸರಿಯಲ್ಲ. ಆದರೂ ನೀವು ಬರೆದ ವಿವರಗಳೆಲ್ಲ ನಾವು ‘ಕಪ್ಪು ರೋಮದ ನಾಲಿಗೆ’ ಎಂದು ಕರೆಯುವ ಸ್ಥಿತಿಗೆ ಹೊಂದುತ್ತವೆ. ನೋಡುವುದಕ್ಕೆ ಭಯ ಹುಟ್ಟಿಸುವಂತಿದ್ದರೂ ಅದು ಕ್ಯಾನ್ಸರ್ ಅಲ್ಲ, ಕ್ಯಾನ್ಸರಾಗಿ ಬದಲಾಗುವುದೂ ಇಲ್ಲ, ಒಬ್ಬರಿಂದ ಒಬ್ಬರಿಗೆ ಹರಡುವುದೂ ಇಲ್ಲ. ಈ ಮಾತನ್ನು ಮೊದಲು ನಿಮ್ಮ ತಂದೆಯವರಿಗೆ ಓದಿ ಹೇಳಿ.

ನಾಲಿಗೆಯ ಮೇಲ್ಭಾಗವನ್ನೆಲ್ಲ ಎಳೆಯಂತಹ ಅತಿ ಸೂಕ್ಷ್ಮ ಮೊಗ್ಗುಗಳು ಆವರಿಸಿರುತ್ತವೆ. ಇವು ರುಚಿ ತಿಳಿಸುವ ಮೊಗ್ಗುಗಳಲ್ಲ. ಆಹಾರವನ್ನು ಹಿಡಿದು ಹೊರಳಿಸಲು ನಾಲಿಗೆಗೆ ಒರಟುತನ ಕೊಡುವಂಥವು. ಉಗುರು ಮತ್ತು ಕೂದಲಿನಲ್ಲಿರುವ ಕೆರಾಟಿನ್ ಎಂಬ ಪ್ರೋಟೀನೇ ಇವುಗಳ ತುದಿಯಲ್ಲಿಯೂ ಇದೆ. ದಿನವೂ ತುದಿಯಲ್ಲಿ ಹೊಸ ಜೀವಕೋಶಗಳು ಬರುತ್ತವೆ, ಹಳೆಯವು ಊಟದ ತಿಕ್ಕಾಟಕ್ಕೆ ಮತ್ತು ಜೊಲ್ಲಿನ ಹರಿವಿಗೆ ಸಿಕ್ಕಿ ಉದುರಿಹೋಗುತ್ತವೆ. ಉದುರುವುದು ನಿಂತು ಬೆಳೆಯುವುದು ಮಾತ್ರ ಮುಂದುವರಿದರೆ, ಕಟಾವು ಮಾಡದೆ ಬಿಟ್ಟ ಪೈರಿನಂತೆ ಆ ಎಳೆಗಳು ಉದ್ದವಾಗುತ್ತವೆ. ಸಾಮಾನ್ಯವಾಗಿ 1 ಮಿಲಿಮೀಟರಿನ ಆಸುಪಾಸಿನಲ್ಲಿರುವ ಅವು 3 ಮಿಲಿಮೀಟರ್ ದಾಟಿದಾಗ ನಾವು ಆ ಹೆಸರು ಕೊಡುತ್ತೇವೆ. ಕೆಲವರಲ್ಲಿ 15 ಮಿಲಿಮೀಟರಿನವರೆಗೂ ಬೆಳೆಯುವುದುಂಟು. ಉದ್ದವಾದ ಎಳೆಗಳ ನಡುವೆ ಆಹಾರದ ಕಣ, ಸತ್ತ ಜೀವಕೋಶ, ಬೀಡಿಯ ಹೊಗೆ, ಚಹಾದ ಕಲೆ, ಬಣ್ಣ ಉತ್ಪಾದಿಸುವ ಬ್ಯಾಕ್ಟೀರಿಯಾ ಮತ್ತು ಯೀಸ್ಟ್ ಸೇರಿಕೊಳ್ಳುತ್ತವೆ. ಬಣ್ಣ ಹಳದಿಯೋ ಕಂದೋ ಕಪ್ಪೋ ಹಸಿರೋ ಎಂಬುದು ಅಲ್ಲಿ ಏನು ಸೇರಿಕೊಂಡಿದೆ ಎಂಬುದನ್ನು ಅವಲಂಬಿಸುತ್ತದೆಯೇ ಹೊರತು ಕಾಯಿಲೆಯ ತೀವ್ರತೆಯನ್ನಲ್ಲ.

ನಿಮ್ಮ ತಂದೆಯವರಲ್ಲಿ ಕಾರಣಗಳು ಒಂದರ ಮೇಲೊಂದು ಕೂಡಿಬಂದಿವೆ. ಜ್ವರದಲ್ಲಿ ಮೈಯ ನೀರು ಕಡಿಮೆಯಾಗಿ ಜೊಲ್ಲು ಒಣಗಿದೆ. ಆಂಟಿಬಯಾಟಿಕ್‌ನಿಂದ ಬಾಯಿಯ ಸೂಕ್ಷ್ಮಜೀವಿಗಳ ಸಮತೋಲನ ತಪ್ಪಿದೆ. ಬೀಡಿ ಮತ್ತು ಚಹಾ ಮೊದಲಿನಿಂದಲೂ ಇವೆ. ಇವೆಲ್ಲಕ್ಕಿಂತ ಹೆಚ್ಚಾಗಿ ನಾನು ಗಮನಿಸಿದ್ದು ಅವರ ಊಟವನ್ನು. ನಮ್ಮ ಭಾಗದ ಜೋಳದ ರೊಟ್ಟಿ, ಹಸಿ ಸೌತೆ, ಮೂಲಂಗಿ, ಉಳ್ಳಾಗಡ್ಡಿ, ಮೆಂತ್ಯೆ ಸೊಪ್ಪು ಇವುಗಳನ್ನು ಅಗಿದು ತಿನ್ನುವಾಗ ನಾಲಿಗೆ ತಾನಾಗಿಯೇ ಉಜ್ಜಿಸಿಕೊಳ್ಳುತ್ತದೆ. ಗಂಜಿ ಮತ್ತು ಹಾಲು-ಬ್ರೆಡ್ಡಿನಿಂದ ಆ ತಿಕ್ಕಾಟ ಸಿಗುವುದಿಲ್ಲ. ರುಚಿಯಿಲ್ಲವೆಂದು ಮೆತ್ತನೆಯ ಆಹಾರ ತಿನ್ನುವುದು, ಅದರಿಂದ ಪದರ ಇನ್ನಷ್ಟು ದಪ್ಪವಾಗುವುದು, ಪದರದಿಂದ ರುಚಿ ಮತ್ತಷ್ಟು ಕೆಡುವುದು: ಈ ಸುತ್ತು ಎಲ್ಲಿಯಾದರೂ ತುಂಡಾಗಬೇಕು, ಮತ್ತು ರೊಟ್ಟಿಗೆ ಮರಳುವುದೇ ಅದಕ್ಕೆ ಒಳ್ಳೆಯ ಜಾಗ.

ಮನೆಯಲ್ಲಿ ಮಾಡಬೇಕಾದದ್ದು ಹೆಚ್ಚೇನಿಲ್ಲ. ಬೆಳಿಗ್ಗೆ ಮತ್ತು ರಾತ್ರಿ ಹಲ್ಲುಜ್ಜಿದ ಮೇಲೆ ನಾಲಿಗೆಯನ್ನು ಹೊರಚಾಚಿ, ಸ್ಟೀಲಿನದೋ ತಾಮ್ರದ್ದೋ ಬಾಗಿದ ಪಟ್ಟಿಯಿಂದ ಹಿಂದಿನಿಂದ ಮುಂದಕ್ಕೆ ಮೂರು-ನಾಲ್ಕು ಸಲ ಹಗುರವಾಗಿ ಎಳೆಯಲಿ. ಪ್ರತಿ ಸಲವೂ ಪಟ್ಟಿಯನ್ನು ತೊಳೆಯಲಿ. ವಾಕರಿಕೆ ಬರುವವರು ಉಸಿರನ್ನು ನಿಧಾನವಾಗಿ ಹೊರಬಿಡುತ್ತ ಎಳೆದರೆ ತೊಂದರೆ ಕಡಿಮೆ. ಒಂದೇ ದಿನದಲ್ಲಿ ಎಲ್ಲವನ್ನೂ ಕಿತ್ತು ತೆಗೆಯುವ ಹಟ ಬೇಡ; ರಕ್ತ ಬಂದರೆ ಒತ್ತಡ ಹೆಚ್ಚಾಯಿತು ಎಂದೇ ಅರ್ಥ. ನೀರು ಧಾರಾಳವಾಗಿ ಕುಡಿಯಲಿ. ಬೀಡಿ ಬಿಡಲಿ. ಕಾರಣಗಳು ದೂರವಾದರೆ ಕೆಲವೇ ವಾರಗಳಲ್ಲಿ ನಾಲಿಗೆ ಮೊದಲಿನಂತಾಗುವುದನ್ನು ನಾನು ನೋಡುತ್ತಲೇ ಇರುತ್ತೇನೆ.

ಔಷಧದ ಅಂಗಡಿ, ರಾಯಚೂರು

ಡಾಕ್ಟರಮ್ಮನವರ ಮಾತಿಗೆ ಔಷಧಗಳ ಕಡೆಯಿಂದ ಕೆಲವನ್ನು ಸೇರಿಸುತ್ತೇನೆ, ಏಕೆಂದರೆ ಅಂಗಡಿಗೆ ಬಂದು ನಾಲಿಗೆ ತೋರಿಸುವವರಲ್ಲಿ ಎಷ್ಟೋ ಜನರಿಗೆ ಕಾರಣ ಅವರ ಕೈಯಲ್ಲಿರುವ ಚೀಟಿಯಲ್ಲೇ ಇರುತ್ತದೆ.

ಡಾಕ್ಸಿಸೈಕ್ಲಿನ್, ಅಮಾಕ್ಸಿಸಿಲಿನ್, ಎರಿತ್ರೋಮೈಸಿನ್, ಲಿನೆಜೋಲಿಡ್ ಮುಂತಾದ ಆಂಟಿಬಯಾಟಿಕ್‌ಗಳಿಂದ ನಾಲಿಗೆ ಕಪ್ಪಾಗುವುದುಂಟು. ಹಾಗೆಂದು ಅರ್ಧಕ್ಕೆ ನಿಲ್ಲಿಸಬಾರದು. ಕೊಟ್ಟ ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು. ಹೊಟ್ಟೆಯ ಹುಣ್ಣಿಗೆ ಕೊಡುವ ಬಿಸ್ಮತ್ ಇರುವ ಔಷಧಿಯಿಂದ ನಾಲಿಗೆ ಮತ್ತು ಮಲ ಎರಡೂ ಕಪ್ಪಾಗುತ್ತವೆ. ಬಾಯಿಯಲ್ಲಿ ಉಳಿದ ಸ್ವಲ್ಪ ಗಂಧಕದೊಂದಿಗೆ ಬಿಸ್ಮತ್ ಸೇರಿ ಕಪ್ಪು ಸಲ್ಫೈಡ್ ಆಗುವುದೇ ಇದಕ್ಕೆ ಕಾರಣ. ಔಷಧಿ ಮುಗಿದ ಮೇಲೆ ಅದು ಹೋಗುತ್ತದೆ. ಕಬ್ಬಿಣಾಂಶದ ಸಿರಪ್ಪಿನಿಂದ ಹಲ್ಲು ಮತ್ತು ನಾಲಿಗೆ ಕಪ್ಪಾಗುವುದು ಮಕ್ಕಳಲ್ಲಿ ಸಾಮಾನ್ಯ. ಕೊಟ್ಟ ಕೂಡಲೇ ನೀರು ಕುಡಿಸಿದರೆ ಕಲೆ ಅಷ್ಟಾಗಿ ಹಿಡಿಯುವುದಿಲ್ಲ.

ಬಾಯಿ ಒಣಗಿಸುವ ಔಷಧಗಳದು ಇನ್ನೊಂದು ಗುಂಪು. ನೆಗಡಿ ಮತ್ತು ಅಲರ್ಜಿಯ ಮಾತ್ರೆಗಳು, ಅಮಿಟ್ರಿಪ್ಟಿಲಿನ್, ಮಾನಸಿಕ ಚಿಕಿತ್ಸೆಯ ಕೆಲವು ಮಾತ್ರೆಗಳು, ಪದೇಪದೇ ಮೂತ್ರ ಬರುವುದಕ್ಕೆ ಕೊಡುವ ಕೆಲವು ಮಾತ್ರೆಗಳು ಜೊಲ್ಲನ್ನು ಕಡಿಮೆ ಮಾಡುತ್ತವೆ. ಆರೋಗ್ಯವಂತರ ಬಾಯಿಯಲ್ಲಿ ದಿನಕ್ಕೆ ಅರ್ಧ ಲೀಟರಿನಿಂದ ಒಂದೂವರೆ ಲೀಟರಿನಷ್ಟು ಜೊಲ್ಲು ಒಸರುತ್ತದೆ. ಅಷ್ಟು ತೊಳೆತ ನಿಂತರೆ ಪದರ ಕಟ್ಟದೆ ಇರುವುದಾದರೂ ಹೇಗೆ?

ಕ್ಲೋರ್‌ಹೆಕ್ಸಿಡಿನ್ ಬಾಯಿ ತೊಳೆಯುವ ದ್ರವದ ಬಗ್ಗೆ ಒಂದು ಎಚ್ಚರಿಕೆ. ಬಾಯಿ ವಾಸನೆ ಎಂದು ಅದನ್ನು ತಾವಾಗಿಯೇ ಕೊಂಡು ತಿಂಗಳುಗಟ್ಟಲೆ ಬಳಸುವವರಿದ್ದಾರೆ. ಅದು ಒಳ್ಳೆಯ ಔಷಧ, ಆದರೆ ಒಸಡಿನ ಚಿಕಿತ್ಸೆಯಲ್ಲಿ ಸೀಮಿತ ಅವಧಿಗೆ ಮಾತ್ರ. ಹೆಚ್ಚು ದಿನ ಬಳಸಿದರೆ, ಅದರಲ್ಲೂ ಚಹಾ ಕುಡಿಯುವವರಲ್ಲಿ, ಹಲ್ಲು ಮತ್ತು ನಾಲಿಗೆಯ ಮೇಲೆ ಕಂದು ಕಲೆ ಹಿಡಿಯುತ್ತದೆ, ರುಚಿಯೂ ಬದಲಾಗುತ್ತದೆ. ಬಣ್ಣ ಹೋಗಲೆಂದು ಇನ್ನಷ್ಟು ಮುಕ್ಕಳಿಸಿದರೆ ಬಣ್ಣ ಇನ್ನಷ್ಟು ಗಟ್ಟಿಯಾಗುತ್ತದೆ.

ಕುಷ್ಟಗಿಯ ತಾಯಿ

ಚರ್ಚೆಯ ನಡುವೆ ಬಂದು ಕೇಳುತ್ತಿರುವುದಕ್ಕೆ ಕ್ಷಮೆ ಇರಲಿ. ನನ್ನ ಮಗುವಿಗೆ ಮೂರು ತಿಂಗಳು, ಎದೆಹಾಲು ಮಾತ್ರ ಕುಡಿಯುತ್ತದೆ. ನಾಲಿಗೆಯ ಮೇಲೂ ಕೆನ್ನೆಯ ಒಳಗೂ ಮೊಸರಿನ ಗರಣೆಯಂತಹ ಬಿಳಿ ಚುಕ್ಕೆಗಳಿವೆ. ನಮ್ಮ ಅತ್ತೆಯವರು ಬಿಳಿಗಾರವನ್ನು ಸುಟ್ಟು ಜೇನಿನಲ್ಲಿ ಕಲೆಸಿ ಸವರೋಣ ಎನ್ನುತ್ತಿದ್ದಾರೆ. ನನಗೆ ಧೈರ್ಯ ಸಾಲುತ್ತಿಲ್ಲ. ಇನ್ನೊಂದು ಮಾತು: ನಮ್ಮ ಊರಿನ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಇದೆ ಎನ್ನುತ್ತಾರೆ. ಅದರಿಂದಲೂ ಹೀಗಾಗಬಹುದೇ?

ಶುಶ್ರೂಷಕಿ, ಮಾನ್ವಿ

ತಾಯಿ, ದಯವಿಟ್ಟು ಅದನ್ನು ಸವರಬೇಡಿ. ಬಿಳಿಗಾರ ಎಳೆಯ ಮಗುವಿನ ಹೊಟ್ಟೆ ಸೇರಿದರೆ ವಿಷವಾಗುತ್ತದೆ. ಜೇನುತುಪ್ಪವನ್ನು ಒಂದು ವರ್ಷ ತುಂಬುವ ಮೊದಲು ಯಾವ ರೂಪದಲ್ಲಿಯೂ ಕೊಡಬಾರದು. ಅದರಲ್ಲಿ ಇರಬಹುದಾದ ಬಾಟ್ಯುಲಿಸಂ ಬ್ಯಾಕ್ಟೀರಿಯಾದ ಬೀಜಾಣುಗಳು ಎಳೆಗೂಸಿನ ಕರುಳಿನಲ್ಲಿ ಬೆಳೆದು ನರಗಳನ್ನೇ ಸ್ವಾಧೀನ ತಪ್ಪಿಸಬಲ್ಲವು. ಅತ್ತೆಯವರ ಕಾಳಜಿಯ ಬಗ್ಗೆ ನನಗೆ ಗೌರವವಿದೆ. ಅವರ ಕಾಲದಲ್ಲಿ ಸುರಕ್ಷಿತ ಔಷಧ ಹಳ್ಳಿಗೆ ಬರುತ್ತಿರಲಿಲ್ಲ, ಇದ್ದುದರಲ್ಲಿ ಮಾಡಿದರು. ಈಗ ಸಿಗುತ್ತದೆ.

ಹಾಲು ಕುಡಿದ ಮೇಲೆ ನಾಲಿಗೆಯ ಮೇಲಷ್ಟೇ ತೆಳುವಾಗಿ ಬಿಳಿ ಉಳಿದು, ಒದ್ದೆ ಬಟ್ಟೆಯಿಂದ ಒರೆಸಿದರೆ ಹೋಗುವಂತಿದ್ದರೆ ಅದು ಹಾಲಿನ ಕಲೆ. ಅದಕ್ಕೆ ಏನೂ ಬೇಡ. ನೀವು ಹೇಳುವಂತೆ ಕೆನ್ನೆ, ತುಟಿಯ ಒಳಭಾಗದಲ್ಲಿಯೂ ಇದ್ದು, ಸುಲಭವಾಗಿ ಒರೆಸಿ ಹೋಗದೆ, ಒರೆಸಿದಲ್ಲಿ ಕೆಂಪಾಗಿ ಕಂಡರೆ ಅದು ಕ್ಯಾಂಡಿಡಾ ಎಂಬ ಶಿಲೀಂಧ್ರದ ಸೋಂಕು. ಕೆರೆದು ತೆಗೆಯಲು ಹೋಗಬೇಡಿ. ಮಕ್ಕಳ ವೈದ್ಯರು ಮಗುವಿನ ವಯಸ್ಸಿಗೆ ತಕ್ಕ ಶಿಲೀಂಧ್ರನಾಶಕ ಹನಿಯನ್ನೋ ಲೇಪವನ್ನೋ ಕೊಡುತ್ತಾರೆ. ನಿಮ್ಮ ಮೊಲೆತೊಟ್ಟಿನಲ್ಲಿ ಉರಿ, ಕೆಂಪು, ಬಿರುಕು ಇದ್ದರೆ ಅದನ್ನೂ ಹೇಳಿ, ಏಕೆಂದರೆ ತಾಯಿ-ಮಗು ಇಬ್ಬರಿಗೂ ಒಟ್ಟಿಗೆ ಚಿಕಿತ್ಸೆಯಾಗದಿದ್ದರೆ ಸೋಂಕು ಒಬ್ಬರಿಂದ ಒಬ್ಬರಿಗೆ ಮರಳುತ್ತಲೇ ಇರುತ್ತದೆ. ಎದೆಹಾಲು ನಿಲ್ಲಿಸಬೇಡಿ. ಮಗು ಹಾಲು ಕುಡಿಯುವುದನ್ನೇ ಬಿಟ್ಟರೆ ಅಥವಾ ಜ್ವರ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ.

ಫ್ಲೋರೈಡ್‌ಗೂ ಇದಕ್ಕೂ ಸಂಬಂಧವಿಲ್ಲ. ಹೆಚ್ಚು ಫ್ಲೋರೈಡ್ ಇರುವ ನೀರು ಮಕ್ಕಳ ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲಿ ಹಲ್ಲಿನ ಮೇಲೆ ಬಿಳಿ ಮತ್ತು ಕಂದು ಕಲೆ ಮೂಡಿಸುತ್ತದೆ, ಮುಂದೆ ಮೂಳೆಗೂ ತೊಂದರೆ ಕೊಡುತ್ತದೆ. ನಾಲಿಗೆಯ ಬಣ್ಣವನ್ನು ಬದಲಿಸುವುದಿಲ್ಲ. ಮಗುವಿಗೆ ಆರು ತಿಂಗಳು ತುಂಬಿ ಮೇಲಿನ ಆಹಾರ ಶುರುವಾದಾಗ ಮಾತ್ರ ಶುದ್ಧೀಕರಣ ಘಟಕದ ನೀರನ್ನೇ ಬಳಸಿ.

ಆಯುರ್ವೇದ ವೈದ್ಯ, ಗಂಗಾವತಿ

ನಾಲಿಗೆ ಉಜ್ಜುವುದು ನಮ್ಮವರಿಗೆ ಹೊಸದಲ್ಲ. ಆಯುರ್ವೇದದ ದಿನಚರ್ಯೆಯಲ್ಲಿ ಜಿಹ್ವಾ ನಿರ್ಲೇಖನಕ್ಕೆ ಸ್ಥಾನವಿದೆ. ಚಿನ್ನ, ಬೆಳ್ಳಿ, ತಾಮ್ರ, ತವರ, ಹಿತ್ತಾಳೆಗಳಿಂದ ಮಾಡಿದ, ಹರಿತವಲ್ಲದ, ಬಾಗಿದ ಪಟ್ಟಿ ಇರಬೇಕೆಂಬ ವಿಧಿಯೂ ಇದೆ. ಹರಿತವಿರಬಾರದು ಎಂಬುದನ್ನು ಇಂದಿನವರು ಮರೆತಿದ್ದಾರೆ. ಬೇವಿನ ಕಡ್ಡಿಯಿಂದ ಹಲ್ಲುಜ್ಜಿ ಅದನ್ನೇ ಸೀಳಿ ನಾಲಿಗೆ ಎಳೆಯುವ ರೂಢಿ ನಮ್ಮ ಹಳ್ಳಿಗಳಲ್ಲಿ ಇನ್ನೂ ಇದೆ. ಸೀಳಿದ ಅಂಚು ನಯವಾಗಿದ್ದರೆ ಅಡ್ಡಿಯಿಲ್ಲ, ಸಿಬಿರು ಇದ್ದರೆ ಗಾಯವಾಗುತ್ತದೆ.

ಪ್ರಶ್ನೆ ಕೇಳಿದವರ ಊರಿನವರು ಲಿವರ್ ಎಂದದ್ದಕ್ಕೂ ಒಂದು ಮಾತು ಹೇಳಬೇಕು. ನಾಲಿಗೆಯ ಭೂಪಟ ಬರೆದು, ಈ ಭಾಗ ಲಿವರ್, ಈ ಭಾಗ ಕಿಡ್ನಿ ಎಂದು ತೋರಿಸುವ ಚಿತ್ರಗಳು ಮೊಬೈಲಿನಲ್ಲಿ ಹರಿದಾಡುತ್ತಿವೆ. ನಮ್ಮ ಶಾಸ್ತ್ರದಲ್ಲಿ ನಾಲಿಗೆಯ ಲೇಪವನ್ನು ಆಮದ, ಅಂದರೆ ಪಚನವಾಗದೆ ಉಳಿದದ್ದರ, ಲಕ್ಷಣಗಳಲ್ಲಿ ಒಂದಾಗಿ ನೋಡುತ್ತೇವೆ. ಆದರೆ ನಾಲಿಗೆಯೊಂದನ್ನೇ ನೋಡಿ ರೋಗನಿರ್ಣಯ ಮಾಡುವವರನ್ನು ನಂಬಬೇಡಿ. ನಾಡಿ, ಮಲ, ಮೂತ್ರ, ಹಸಿವು, ನಿದ್ರೆ ಎಲ್ಲವನ್ನೂ ವಿಚಾರಿಸದೆ ವೈದ್ಯ ಮಾತಾಡಬಾರದು. ಉಪವಾಸದ ದಿನ ಬೆಳಿಗ್ಗೆ ಯಾರ ನಾಲಿಗೆಯಾದರೂ ಬೆಳ್ಳಗೇ ಇರುತ್ತದೆ. ಅದಕ್ಕೆ ಲಿವರನ್ನು ದೂಷಿಸಬೇಕಾಗಿಲ್ಲ.

ತಜ್ಞ ವೈದ್ಯ, ಕೊಪ್ಪಳ

ಹಿರಿಯರ ಮಾತು ಒಪ್ಪುವಂಥದ್ದು. ಕಾಮಾಲೆ ಬಂದವರ ಬಾಯಿ ಹಳದಿಯಾಗುವುದು ನಿಜ, ಆದರೆ ಅದನ್ನು ನೋಡಬೇಕಾದದ್ದು ನಾಲಿಗೆಯ ಕೆಳಗೆ ಮತ್ತು ಕಣ್ಣಿನ ಬಿಳಿಭಾಗದಲ್ಲಿ, ನಾಲಿಗೆಯ ಮೇಲೆ ಕಟ್ಟಿದ ಪದರದಲ್ಲಿ ಅಲ್ಲ. ಈ ಒಂದು ವಿಷಯ ತಿಳಿದಿದ್ದರೆ ಎಷ್ಟೋ ಜನರ ಆತಂಕ ಮತ್ತು ಅನಗತ್ಯ ರಕ್ತಪರೀಕ್ಷೆಯ ಖರ್ಚು ಉಳಿಯುತ್ತದೆ.

ನಾಲಿಗೆ ನಮಗೆ ಸುಳಿವು ಕೊಡುವುದು ಮಾತ್ರ ಉಂಟು. ವಾರ ದಾಟಿದ ಜ್ವರದಲ್ಲಿ ನಡುವೆ ಬಿಳಿ ಲೇಪ, ಅಂಚು ಮತ್ತು ತುದಿ ಮಾತ್ರ ಕೆಂಪು ಎಂದಾಗ ವಿಷಮಶೀತ ಜ್ವರ, ಅಂದರೆ ಟೈಫಾಯಿಡ್, ನೆನಪಿಗೆ ಬರುತ್ತದೆ; ಅಷ್ಟರಿಂದಲೇ ನಿರ್ಧರಿಸದೆ ಆಂಟಿಬಯಾಟಿಕ್ ಶುರುವಾಗುವ ಮೊದಲು ರಕ್ತದ ಕಲ್ಚರ್ ಮಾಡಿಸುವುದು ಸರಿಯಾದ ದಾರಿ. ಪದರವೇ ಇಲ್ಲದೆ ನುಣುಪಾಗಿ ಕೆಂಪಗಾಗಿ ಉರಿಯುವ ನಾಲಿಗೆ ಬಿ12 ಜೀವಸತ್ವದ ಕೊರತೆಯನ್ನೂ, ನುಣುಪಾಗಿ ಬಿಳಿಚಿಕೊಂಡದ್ದು ಕಬ್ಬಿಣಾಂಶದ ಕೊರತೆಯನ್ನೂ ಸೂಚಿಸಬಹುದು. ಮಾಂಸ, ಮೊಟ್ಟೆ ತಿನ್ನದ, ಹಾಲು-ಮೊಸರೂ ಕಡಿಮೆ ಇರುವ ಮನೆಗಳಲ್ಲಿ ಬಿ12 ಕೊರತೆಯನ್ನು ನಾನು ಮೊದಲೇ ವಿಚಾರಿಸುತ್ತೇನೆ. ಮಕ್ಕಳಲ್ಲಿ ಕೆಲವು ದಿನ ಬಿಡದ ಜ್ವರ, ಮೈಮೇಲೆ ದದ್ದು, ಕೆಂಪು ಕಣ್ಣು, ಇವುಗಳ ಜೊತೆಗೆ ನಾಲಿಗೆ ಕೆಂಪಾಗಿ ಬೊಕ್ಕೆ ಬೊಕ್ಕೆಯಾಗಿದ್ದರೆ ಕಾಯುವುದು ಬೇಡ. ನಾಲಿಗೆ ಮತ್ತು ತುಟಿ ನೀಲಿಯಾದರೆ ಅದು ರಕ್ತದಲ್ಲಿ ಆಮ್ಲಜನಕ ಕುಸಿದಿರುವ ತುರ್ತುಸ್ಥಿತಿ.

ದೊಡ್ಡವರಲ್ಲಿ ಒರೆಸಿದರೆ ಬರುವ, ಕೆಳಗೆ ಕೆಂಪಗೆ ಕಾಣುವ ಬಿಳಿ ಪದರ ಕಂಡರೆ ನಾನು ಮೊದಲು ಸಕ್ಕರೆ ಪರೀಕ್ಷಿಸುತ್ತೇನೆ. ಎಷ್ಟೋ ಜನರಿಗೆ ತಮಗೆ ಮಧುಮೇಹ ಇದೆಯೆಂದು ಗೊತ್ತಾಗುವುದೇ ಹೀಗೆ. ದಮ್ಮಿಗೆ ಸ್ಟಿರಾಯ್ಡ್ ಇನ್‌ಹೇಲರ್ ಎಳೆಯುವವರು ಪ್ರತಿ ಸಲವೂ ಬಾಯಿ ಮುಕ್ಕಳಿಸಿ ಉಗುಳಬೇಕು. ಕೃತಕ ದಂತಪಂಕ್ತಿ ಇರುವವರು ರಾತ್ರಿ ಅದನ್ನು ತೆಗೆದು ತೊಳೆದು ನೀರಿನಲ್ಲಿಡಬೇಕು; ಹಾಕಿಕೊಂಡೇ ಮಲಗುವವರ ಅಂಗುಳಿನಲ್ಲಿ ಶಿಲೀಂಧ್ರ ಮನೆ ಮಾಡುತ್ತದೆ. ಈ ಕಾರಣಗಳು ಯಾವುವೂ ಇಲ್ಲದೆ ಪದೇಪದೇ ಹೀಗಾದರೆ ಎಚ್‌ಐವಿ ಪರೀಕ್ಷೆಯನ್ನೂ ಮಾಡಿಸುವುದು ಒಳ್ಳೆಯದು. ಸರ್ಕಾರಿ ಆಸ್ಪತ್ರೆಯ ಆಪ್ತಸಮಾಲೋಚನಾ ಕೇಂದ್ರಗಳಲ್ಲಿ ಅದು ಉಚಿತ, ಫಲಿತಾಂಶ ಗುಟ್ಟಾಗಿರುತ್ತದೆ, ಬೇಗ ತಿಳಿದರೆ ಚಿಕಿತ್ಸೆಯಿಂದ ದೀರ್ಘಕಾಲ ಆರೋಗ್ಯದಿಂದ ಬದುಕಬಹುದು. ಈ ಮಾತನ್ನು ಸಂಕೋಚದಿಂದ ಹೇಳದೆ ಬಿಡುವುದು ರೋಗಿಗೆ ಮಾಡುವ ಅನ್ಯಾಯ ಎಂದು ನಾನು ತಿಳಿದಿದ್ದೇನೆ.

ಸಿಂಧನೂರಿನ ಮಗಳು

ಇಷ್ಟೊಂದು ಜನ ಬಿಡುವು ಮಾಡಿಕೊಂಡು ಬರೆದದ್ದಕ್ಕೆ ಕೃತಜ್ಞಳಾಗಿದ್ದೇನೆ. ತಂದೆಯವರಿಗೆ ಎಲ್ಲವನ್ನೂ ಓದಿ ಹೇಳಿದೆ. ರಾತ್ರಿ ಪುಂಡಿಪಲ್ಯದ ಜೊತೆ ಅರ್ಧ ರೊಟ್ಟಿ ತಿಂದರು. ಬೀಡಿಯ ಮಾತಿಗೆ ಮಾತ್ರ ಸುಮ್ಮನಾದರು. ಎರಡು ಸಂದೇಹಗಳು ಉಳಿದಿವೆ. ನಿಂಬೆಹೋಳಿಗೆ ಅಡುಗೆ ಸೋಡಾ ಹಚ್ಚಿ ತಿಕ್ಕಿದರೆ ಬೇಗ ಬಿಳಿಯಾಗುತ್ತದೆ ಎಂದು ವಿಡಿಯೊ ಒಂದರಲ್ಲಿ ನೋಡಿದೆವು, ಅದು ಸರಿಯೇ? ಹೈಡ್ರೋಜನ್ ಪೆರಾಕ್ಸೈಡ್ ಬಳಸಬಹುದೇ?

ದಂತವೈದ್ಯೆ, ಬಳ್ಳಾರಿ

ನಿಂಬೆಯ ಹುಳಿ ಹಲ್ಲಿನ ಎನಾಮಲ್ಲನ್ನು ಕರಗಿಸುತ್ತದೆ, ಒಣ ಸೋಡಾ ಉಜ್ಜಿದರೆ ನಾಲಿಗೆ ತರಚುತ್ತದೆ. ಎರಡನ್ನೂ ಸೇರಿಸಿ ತಿಕ್ಕುವುದು ಬೇಡ. ಒಂದು ಲೋಟ ನೀರಿಗೆ ಅರ್ಧ ಚಮಚ ಅಡುಗೆ ಸೋಡಾ ಕರಗಿಸಿ ಮುಕ್ಕಳಿಸಿ ಉಗುಳಿದರೆ ಅಡ್ಡಿಯಿಲ್ಲ, ಬಾಯಿಯ ಆಮ್ಲೀಯತೆ ತಗ್ಗುತ್ತದೆ. ಉಪ್ಪುನೀರೂ ಆಗುತ್ತದೆ. ಪೆರಾಕ್ಸೈಡನ್ನು ವೈದ್ಯರು ಹೇಳದೆ ಮುಟ್ಟಬೇಡಿ. ಅದರ ಸತತ ಬಳಕೆಯಿಂದಲೇ ಕೆಲವರಲ್ಲಿ ನಾಲಿಗೆಯ ಎಳೆಗಳು ಬೆಳೆಯುತ್ತವೆ. ಬಾಯಿಯನ್ನು ಸಂಪೂರ್ಣ ಕ್ರಿಮಿರಹಿತ ಮಾಡುವ ಆಸೆಯೂ ಬೇಡ. ನಾವು ತಿನ್ನುವ ಸೊಪ್ಪು-ತರಕಾರಿಯ ನೈಟ್ರೇಟನ್ನು ನೈಟ್ರೈಟ್ ಆಗಿ ಬದಲಿಸಿ, ರಕ್ತನಾಳಗಳನ್ನು ಸಡಿಲವಾಗಿಡಲು ನೆರವಾಗುವ ಉಪಕಾರಿ ಬ್ಯಾಕ್ಟೀರಿಯಾಗಳು ನಾಲಿಗೆಯ ಹಿಂಭಾಗದಲ್ಲೇ ವಾಸಿಸುತ್ತವೆ. ಬಾಯಿಯ ದುರ್ವಾಸನೆಗೆ ಕಾರಣವಾದ ಗಂಧಕದ ಅನಿಲಗಳೂ ಅದೇ ಜಾಗದಿಂದ ಹುಟ್ಟುತ್ತವೆ ಎಂಬುದು ನಿಜ. ಆದ್ದರಿಂದ ಹಗುರವಾಗಿ ಗುಡಿಸಿದರೆ ಸಾಕು, ಸುಡಬಾರದು.

ಲಾರಿ ಚಾಲಕ, ಸಂಡೂರು

ಎಲ್ಲರೂ ಬಣ್ಣದ ಬಗ್ಗೆ ಬರೆದಿದ್ದೀರಿ. ನನ್ನದು ಬೇರೆ ತರಹ ಇದೆ, ಹೇಳಬಹುದೋ ಇಲ್ಲವೋ ತಿಳಿಯದೆ ಬರೆಯುತ್ತಿದ್ದೇನೆ. ಅದಿರಿನ ಲಾರಿ ಓಡಿಸುತ್ತೇನೆ. ರಾತ್ರಿ ನಿದ್ದೆ ಬಾರದಿರಲೆಂದು ಗುಟ್ಕಾ ಹಾಕಿಕೊಳ್ಳುವುದು ಹರೆಯದಿಂದಲೇ ಬಂದ ಅಭ್ಯಾಸ. ಈಗೀಗ ಖಾರ ತಗುಲಿದರೆ ಬಾಯಿಯೆಲ್ಲ ಉರಿಯುತ್ತದೆ, ಮಿರ್ಚಿ-ಮಂಡಕ್ಕಿ ತಿನ್ನುವುದನ್ನೇ ಬಿಟ್ಟಿದ್ದೇನೆ. ಒಳಗಿನ ಕೆನ್ನೆ ಬಿಳಿಚಿಕೊಂಡು ಬಿಗಿದಂತಾಗಿದೆ. ನಾಲಿಗೆಯ ಎಡ ಮಗ್ಗುಲಲ್ಲಿ ಒಂದು ಬಿಳಿ ಮಚ್ಚೆ ಇದೆ, ಎಷ್ಟು ಉಜ್ಜಿದರೂ ಹೋಗುವುದಿಲ್ಲ, ನೋವೂ ಇಲ್ಲ. ನೋವಿಲ್ಲವಾದ್ದರಿಂದ ಇದೂ ಪದರವೇ ಎಂದುಕೊಳ್ಳಬಹುದೇ?

ದಂತವೈದ್ಯೆ, ಬಳ್ಳಾರಿ

ಅಣ್ಣ, ನೀವು ಬರೆದದ್ದು ತುಂಬ ಒಳ್ಳೆಯದಾಯಿತು. ಇದನ್ನು ದಯವಿಟ್ಟು ಪದರ ಎಂದುಕೊಳ್ಳಬೇಡಿ.

ಇಲ್ಲಿಯವರೆಗೆ ನಾವು ಮಾತಾಡಿದ್ದು ನಾಲಿಗೆಯ ಬೆನ್ನಿನ ಮೇಲೆ ಹರಡಿಕೊಂಡು, ಉಜ್ಜಿದರೆ ಕಡಿಮೆಯಾಗುವ, ದಿನದಿಂದ ದಿನಕ್ಕೆ ಬದಲಾಗುವ ಪದರದ ಬಗ್ಗೆ. ಮಗ್ಗುಲಲ್ಲಿ ಅಥವಾ ನಾಲಿಗೆಯ ಕೆಳಗೆ, ಒಂದೇ ಜಾಗದಲ್ಲಿ ನೆಲೆನಿಂತು, ಉಜ್ಜಿದರೂ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ ಬೇರೆಯೇ ವಿಷಯ. ನಿಮ್ಮದರಂತೆ ಬಿಳಿಯಾಗಿದ್ದರೆ ಅದು ಲ್ಯೂಕೋಪ್ಲೇಕಿಯಾ, ಅಂದರೆ ಮುಂದೆ ಕ್ಯಾನ್ಸರ್ ಆಗಬಹುದಾದ ಬಿಳಿ ಮಚ್ಚೆ, ಇರಬಹುದು. ಎಲ್ಲ ಲ್ಯೂಕೋಪ್ಲೇಕಿಯಾವೂ ಕ್ಯಾನ್ಸರ್ ಆಗುವುದಿಲ್ಲ, ಆದರೆ ಯಾವುದು ಆಗುತ್ತದೆ ಯಾವುದು ಆಗುವುದಿಲ್ಲ ಎಂಬುದನ್ನು ಕಣ್ಣಿನಿಂದ ಹೇಳಲಾಗದು. ಸಣ್ಣ ತುಣುಕು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ನಾಲಿಗೆಯ ಕ್ಯಾನ್ಸರ್ ಹೆಚ್ಚಾಗಿ ಹುಟ್ಟುವುದು ಈ ಮಗ್ಗುಲುಗಳಲ್ಲೇ, ಮತ್ತು ಆರಂಭದಲ್ಲಿ ಅದಕ್ಕೆ ನೋವಿರುವುದಿಲ್ಲ. ನೋವಿಲ್ಲದಿರುವುದೇ ಜನರನ್ನು ತಿಂಗಳುಗಟ್ಟಲೆ ಮನೆಯಲ್ಲಿ ಕೂರಿಸುತ್ತದೆ. ಎರಡು ವಾರದಲ್ಲಿ ಮಾಯದ ಹುಣ್ಣು, ಗಡಸಾದ ಗಂಟು, ಹೋಗದ ಮಚ್ಚೆ, ಕತ್ತಿನಲ್ಲಿ ಗಡ್ಡೆ, ನುಂಗುವಾಗ ಕಿವಿಗೆ ಹೊಡೆಯುವ ನೋವು, ಇವುಗಳಲ್ಲಿ ಯಾವುದಿದ್ದರೂ ತೋರಿಸಲೇಬೇಕು.

ಖಾರಕ್ಕೆ ಉರಿ, ಬಿಳಿಚಿದ ಬಿಗಿದ ಕೆನ್ನೆ ಎಂದಿರಲ್ಲ, ಅದು ಅಡಿಕೆಯಿಂದ ಬರುವ ಸಬ್‌ಮ್ಯೂಕಸ್ ಫೈಬ್ರೋಸಿಸ್ ಲಕ್ಷಣ. ಬಾಯಿಯ ಒಳಪದರದ ಕೆಳಗೆ ನಾರು ಬೆಳೆದು, ಕೆನ್ನೆ ತನ್ನ ಹಿಗ್ಗುವ ಗುಣವನ್ನು ಕಳೆದುಕೊಳ್ಳುತ್ತದೆ. ತಂಬಾಕು ಇಲ್ಲದ ಪಾನ್ ಮಸಾಲೆಯಿಂದಲೂ ಇದು ಬರುತ್ತದೆ, ಆದ್ದರಿಂದ ‘ತಂಬಾಕು ಬಿಟ್ಟಿದ್ದೇನೆ, ಬರೀ ಅಡಿಕೆ’ ಎಂಬುದು ರಕ್ಷಣೆಯಲ್ಲ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನೇ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ನಮ್ಮ ರಾಜ್ಯದಲ್ಲಿ 2013ರಿಂದ ಗುಟ್ಕಾ ನಿಷೇಧವಿದ್ದರೂ, ಮಸಾಲೆಯ ಪೊಟ್ಟಣ ಒಂದು, ತಂಬಾಕಿನ ಪೊಟ್ಟಣ ಇನ್ನೊಂದು ಎಂದು ಕೊಂಡು ಅಂಗೈಯಲ್ಲಿ ಬೆರೆಸಿಕೊಳ್ಳುವುದು ನಡೆದೇ ಇದೆ. ಗಣಿ ದಾರಿಯ ಅಂಗಡಿಗಳ ಮುಂದೆ ತೂಗುವ ಆ ಸರಗಳನ್ನು ನೋಡಿದಾಗಲೆಲ್ಲ ನನಗೆ ನಮ್ಮ ಹೊರರೋಗಿ ವಿಭಾಗದ ಮುಖಗಳು ಕಾಣುತ್ತವೆ.

ಒಂದು ಪರೀಕ್ಷೆ ನೀವೇ ಮಾಡಿಕೊಳ್ಳಿ. ಬಾಯಿಯನ್ನು ಆದಷ್ಟು ತೆರೆದು, ನಡುವಿನ ಮೂರು ಬೆರಳುಗಳನ್ನು ಒಂದರ ಮೇಲೊಂದು ನಿಲ್ಲುವಂತೆ ಮೇಲಿನ ಮತ್ತು ಕೆಳಗಿನ ಹಲ್ಲುಗಳ ನಡುವೆ ಇಟ್ಟು ನೋಡಿ. ಮೂರೂ ಹಿಡಿಯದಿದ್ದರೆ ಬಾಯಿ ಬಿಗಿಯುತ್ತಿದೆ ಎಂದು ತಿಳಿಯಿರಿ.

ಲಾರಿ ಚಾಲಕ, ಸಂಡೂರು

ನೋಡಿಕೊಂಡೆ. ಎರಡು ಬೆರಳು ಹಿಡಿಯುತ್ತವೆ, ಮೂರನೆಯದು ಹೋಗುವುದಿಲ್ಲ. ಎಲ್ಲಿಗೆ ಹೋಗಬೇಕು, ಎಷ್ಟು ಖರ್ಚಾಗುತ್ತದೆ, ಹೇಳಿ. ಬಿಟ್ಟರೆ ಮೊದಲಿನಂತೆ ಆಗುತ್ತದೆಯೇ?

ದಂತವೈದ್ಯೆ, ಬಳ್ಳಾರಿ

ಬೆಳೆದ ನಾರು ಪೂರ್ತಿಯಾಗಿ ಕರಗುತ್ತದೆ ಎಂದು ನಾನು ಸುಳ್ಳು ಭರವಸೆ ಕೊಡಲಾರೆ. ಅಡಿಕೆ ಮತ್ತು ತಂಬಾಕು ಎರಡನ್ನೂ ನಿಲ್ಲಿಸಿದರೆ ಅದು ಮುಂದುವರಿಯುವುದು ತಗ್ಗುತ್ತದೆ, ಉರಿ ಕಡಿಮೆಯಾಗುತ್ತದೆ, ವ್ಯಾಯಾಮ ಮತ್ತು ಚುಚ್ಚುಮದ್ದಿನಿಂದ ಬಾಯಿ ಒಂದಿಷ್ಟು ತೆರೆಯುತ್ತದೆ. ನಿಮಗೆ ಮೊದಲು ಆಗಬೇಕಾದದ್ದು ಮಗ್ಗುಲಿನ ಮಚ್ಚೆಯ ಪರೀಕ್ಷೆ. ಸಂಡೂರಿನಿಂದ ನಿಮಗೆ ಹತ್ತಿರವಾಗುವುದು ಬಳ್ಳಾರಿಯ ಸರ್ಕಾರಿ ದಂತ ವೈದ್ಯಕೀಯ ಕಾಲೇಜು. ಬೆಳಿಗ್ಗೆಯೇ ಬಂದು ಹೊರರೋಗಿ ಚೀಟಿ ಮಾಡಿಸಿ, ಬಾಯಿಯ ರೋಗನಿರ್ಣಯ ವಿಭಾಗವನ್ನು ಕೇಳಿ. ಸರ್ಕಾರಿ ಸಂಸ್ಥೆಯಾದ್ದರಿಂದ ಖರ್ಚು ಕಡಿಮೆ. ಮುಂದೆ ದೊಡ್ಡ ಚಿಕಿತ್ಸೆಯ ಅಗತ್ಯ ಬಿದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಇದೆ. ಪಡಿತರ ಚೀಟಿ ಮತ್ತು ಆಧಾರ್ ಜೊತೆಗಿರಲಿ. ಚಟ ಬಿಡಲು ನೆರವು ಬೇಕಾದರೆ 1800-11-2356 ರಾಷ್ಟ್ರೀಯ ಸಹಾಯವಾಣಿ, ಕರೆ ಉಚಿತ. ರಾತ್ರಿ ನಿದ್ದೆಗೆಡುವ ಕೆಲಸದಲ್ಲಿ ಬಿಡುವುದು ಎಷ್ಟು ಕಷ್ಟವೆಂದು ನನಗೆ ಗೊತ್ತು. ಒಂದು ಸಲಕ್ಕೆ ಆಗದಿದ್ದರೆ ಮತ್ತೆ ಪ್ರಯತ್ನಿಸಿ, ನಾಚಿಕೆ ಬೇಡ.

ಸಿಂಧನೂರಿನ ತಂಗಿಯವರಿಗೂ ಇದೇ ಮಾತು. ಪದರ ಕಡಿಮೆಯಾಗುತ್ತ ಬಂದರೆ ಒಳ್ಳೆಯದು. ಆದರೆ ತಂದೆಯವರು ಬಹುಕಾಲದಿಂದ ಬೀಡಿ ಸೇದುವವರಾದ್ದರಿಂದ, ಪದರಕ್ಕಾಗಿ ಅಲ್ಲದಿದ್ದರೂ, ನಾಲಿಗೆಯ ಮಗ್ಗುಲು, ಕೆಳಭಾಗ, ಕೆನ್ನೆಗಳನ್ನು ದಂತವೈದ್ಯರಿಗೆ ಒಮ್ಮೆ ತೋರಿಸಿ. ರಾಯಚೂರಿನಲ್ಲಿಯೂ ದಂತ ಕಾಲೇಜುಗಳಿವೆ. ಸಕ್ಕರೆಯ ಪರೀಕ್ಷೆಯೂ ಆಗಲಿ.

ಸಿಂಧನೂರಿನ ಮಗಳು

ಸೋಮವಾರ ರಾಯಚೂರಿಗೆ ಕರೆದುಕೊಂಡು ಹೋಗುತ್ತೇನೆ. ಸಂಡೂರಿನ ಅಣ್ಣ, ನೀವೂ ಈ ವಾರವೇ ಹೋಗಿ ತೋರಿಸಿ, ಏನೆಂದರೆಂಬುದನ್ನು ಇಲ್ಲಿ ಬರೆಯಿರಿ.

ಲಾರಿ ಚಾಲಕ, ಸಂಡೂರು

ಮಾಲೀಕರಿಗೆ ಹೇಳಿ ರಜೆ ಕೇಳಿದ್ದೇನೆ. ಗುರುವಾರ ಲಾರಿ ನಿಲ್ಲಿಸಿ ಬಸ್ಸಿನಲ್ಲಿ ಬಳ್ಳಾರಿಗೆ ಬರುತ್ತೇನೆ. ಪಡಿತರ ಚೀಟಿ ಮನೆಯಲ್ಲಿದೆ, ತರುತ್ತೇನೆ.